ಸೇವೆಯ ಕೆಲಸದ ನಡುವೆ ದೇವರ ಸಮಯ: ಎನ್‌ಜಿಒ ಸೇರಿದ ಯುವಜನರು ವಾರವನ್ನು ಹೊಂದಿಸಿಕೊಳ್ಳುವ ಬಗೆ

ಬೇರೆ ಕಚೇರಿಗಳಲ್ಲಿ ದುಡಿಯುವವರಿಗೆ ಒಂದು ಅನುಕೂಲವಿದೆ. ಸಂಜೆ ಕಂಪ್ಯೂಟರ್ ಮುಚ್ಚಿದರೆ ಕೆಲಸ ಮುಗಿಯಿತು, ಪ್ರಾರ್ಥನೆ, ಪೂಜೆ, ಧ್ಯಾನಗಳ ಹೊತ್ತು ಬೇರೆ ಎಂಬುದರಲ್ಲಿ ಅವರಿಗೆ ಗೊಂದಲವಿಲ್ಲ. ಎನ್‌ಜಿಒ ಸೇರಿದವರಿಗೆ ಈ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಇಡೀ ದಿನ ಕಷ್ಟದಲ್ಲಿರುವವರ ನಡುವೆ ಓಡಾಡಿ ಬಂದ ಮೇಲೆ ‘ಇದಕ್ಕಿಂತ ದೊಡ್ಡ ಪೂಜೆ ಯಾವುದು’ ಎಂದು ಮನಸ್ಸು ಸುಲಭವಾಗಿ ಒಪ್ಪಿಬಿಡುತ್ತದೆ. ಮೊದಲು ಬೆಳಗಿನ ಪ್ರಾರ್ಥನೆ ತಪ್ಪುತ್ತದೆ, ಆಮೇಲೆ ವಾರದ ಸತ್ಸಂಗ. ವರ್ಷ ಕಳೆಯುವಷ್ಟರಲ್ಲಿ ಹಬ್ಬದ ದಿನವೂ ಲ್ಯಾಪ್‌ಟಾಪ್ ತೆರೆದಿರುತ್ತದೆ.

‘ಕಾಯಕವೇ ಕೈಲಾಸ’ ಎಂಬ ಮಾತನ್ನು ಇಲ್ಲಿ ತಪ್ಪಾಗಿ ಬಳಸುವವರು ಬಹಳ. ದುಡಿಮೆ ಪವಿತ್ರ ಎಂದು ಆ ಮಾತು ಹೇಳುತ್ತದೆ ನಿಜ. ರಾತ್ರಿ ಹನ್ನೊಂದಕ್ಕೆ ಡೋನರ್ (ಹಣ ಕೊಡುವ ಸಂಸ್ಥೆ) ಕೇಳಿದ ರಿಪೋರ್ಟಿನ ಎಕ್ಸೆಲ್ ಕೋಷ್ಟಕ ತುಂಬುವುದು ಧ್ಯಾನಕ್ಕೆ ಸಮ ಎಂದು ಅದು ಎಲ್ಲಿಯೂ ಹೇಳಿಲ್ಲ. ಕೆಲಸವೂ ಪವಿತ್ರ, ಸಾಧನೆಯ ಹೊತ್ತೂ ಬೇಕು. ಇವೆರಡನ್ನೂ ಒಂದೇ ಖಾತೆಗೆ ಬರೆದುಕೊಂಡರೆ ಮೊದಲು ಸೊರಗುವುದು ಎರಡನೆಯದು. ಅದಕ್ಕೆ ಗಡುವು ಹಾಕಿ ಕೇಳುವವರು ಯಾರೂ ಇರುವುದಿಲ್ಲವಲ್ಲ.

ಮೊದಲು ಒಂದು ವಾರ ಬರೆದಿಡಿ

ಏನನ್ನೂ ಬದಲಿಸುವ ಮೊದಲು ಏಳು ದಿನ ಅರ್ಧ ಗಂಟೆಗೊಮ್ಮೆ ಏನು ಮಾಡಿದಿರಿ ಎಂದು ಬರೆಯಿರಿ. ಮೊಬೈಲ್ ನೋಟ್ಸ್ ಸಾಕು, ಒಂದೊಂದು ಪದ ಸಾಕು. ಪ್ರತಿ ಬಾರಿಯೂ ಬರೆಯಲಾಗದಿದ್ದರೆ ಮಧ್ಯಾಹ್ನ ಒಮ್ಮೆ, ಮಲಗುವ ಮುನ್ನ ಒಮ್ಮೆ ನೆನಪಿಸಿಕೊಂಡು ತುಂಬಿ. ಮರುದಿನಕ್ಕೆ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ, ಅದೂ ಯಾವಾಗಲೂ ನಿಮ್ಮ ಪರವಾಗಿಯೇ.

ವಾರಕ್ಕೆ 168 ಗಂಟೆ. ದಿನಕ್ಕೆ ಏಳೂವರೆ ಗಂಟೆಯಂತೆ ನಿದ್ದೆಗೆ ಸುಮಾರು 53, ಕೆಲಸಕ್ಕೆ 45, ಓಡಾಟಕ್ಕೆ 10, ಊಟ, ಸ್ನಾನ, ಮನೆಗೆಲಸಕ್ಕೆ 21 ಎಂದಿಟ್ಟುಕೊಂಡರೂ 39 ಗಂಟೆ ಉಳಿಯಬೇಕು. ಬರೆದು ನೋಡಿದರೆ ಅಷ್ಟು ಉಳಿದಿರುವುದಿಲ್ಲ. ಎಲ್ಲಿ ಸೋರಿತು ಎಂಬುದನ್ನು ಹುಡುಕುವುದೇ ಈ ಕಸರತ್ತಿನ ಉದ್ದೇಶ. ಸಾಮಾನ್ಯವಾಗಿ ಮೂರು ಕಡೆ ಸೋರಿರುತ್ತದೆ: ಕಚೇರಿ ಮುಗಿದ ಮೇಲೂ ಬರುವ ಗ್ರೂಪ್ ಮೆಸೇಜುಗಳಿಗೆ ಕೊಡುವ ಚೂರುಪಾರು ಉತ್ತರಗಳು, ಫೀಲ್ಡ್‌ನಿಂದ ಬಂದ ಸುಸ್ತಿನಲ್ಲಿ ಮೊಬೈಲ್ ಉಜ್ಜುತ್ತಾ ಕೂತ ಹೊತ್ತು, ಮತ್ತು ಬೇರೆಯವರು ತಡಮಾಡಿದ್ದರಿಂದ ನಿಮ್ಮ ತಲೆಗೆ ಬಂದ ಕೆಲಸ. ಮೂರನೆಯದಕ್ಕೆ ಬೇರೆ ಗುರುತು ಹಾಕಿಡಿ, ಮ್ಯಾನೇಜರ್ ಜೊತೆ ಮಾತನಾಡುವಾಗ ಬೇಕಾಗುತ್ತದೆ.

ಕೆಲಸದ ಸಾಲಿನಲ್ಲಿ 55 ದಾಟಿದ್ದರೆ ಅದು ಬರೀ ಅಧ್ಯಾತ್ಮದ ಪ್ರಶ್ನೆಯಾಗಿ ಉಳಿದಿಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಟ್ಟಾಗಿ 2021ರಲ್ಲಿ ಅಂದಾಜಿಸಿವೆ. ಸೇವೆಯ ಕೆಲಸ ಎಂದು ದೇಹ ರಿಯಾಯಿತಿ ಕೊಡುವುದಿಲ್ಲ.

ಸಾಧನೆಗೆ ಮೂರು ಅಳತೆ

ಎಲ್ಲ ದಿನಕ್ಕೂ ಒಂದೇ ಅಳತೆ ಇಟ್ಟುಕೊಳ್ಳುವುದೇ ಹೆಚ್ಚಿನವರು ಮಾಡುವ ತಪ್ಪು. ಬೆಳಿಗ್ಗೆ ಅರ್ಧ ಗಂಟೆ ಜಪ ಎಂದು ಸಂಕಲ್ಪ ಮಾಡುತ್ತಾರೆ. ಐದಕ್ಕೆ ಎದ್ದು ಜೀಪ್ ಹತ್ತಬೇಕಾದ ದಿನ ಅದು ಆಗುವುದಿಲ್ಲ. ಅರ್ಧ ಗಂಟೆ ಸಿಗಲಿಲ್ಲವೆಂದು ಪೂರ್ತಿ ಬಿಡುತ್ತಾರೆ, ಎರಡು ದಿನ ಬಿಟ್ಟ ಮೇಲೆ ಮತ್ತೆ ಕೂರಲು ಸಂಕೋಚ. ಹಾಗಾಗಿ ಮೂರು ಅಳತೆಗಳನ್ನು ಮೊದಲೇ ಬರೆದಿಡಿ:

- ಕಚೇರಿಯ ದಿನ: 20 ನಿಮಿಷ. ಪಾಠ ಅಥವಾ ಓದು 10, ಮೌನ ಅಥವಾ ಜಪ 10.
- ಫೀಲ್ಡ್ ದಿನ: 7 ನಿಮಿಷ. ಹೊರಡುವ ಮುನ್ನ 5, ರಾತ್ರಿ ಮಲಗುವಾಗ 2.
- ಗಡುವಿನ ದಿನ: 2 ನಿಮಿಷ. ಬಾಯಿಪಾಠವಿರುವ ಒಂದೇ ಪ್ರಾರ್ಥನೆ, ಪುಸ್ತಕ ಬೇಡ.

ಅಂಕಿಗಳನ್ನು ನಿಮಗೆ ತಕ್ಕಂತೆ ಬದಲಿಸಿಕೊಳ್ಳಿ, ಆದರೆ ಮೂರನೆಯದನ್ನು ನಾಚಿಕೆಯಾಗುವಷ್ಟು ಚಿಕ್ಕದಾಗಿಯೇ ಇಡಿ. ಎಂಥ ದಿನವೂ ಅದಕ್ಕಿಂತ ಕೆಳಗೆ ಇಳಿಯಲು ನೆಪ ಸಿಗಬಾರದು. ನಾಳೆ ಯಾವ ಬಗೆಯ ದಿನ ಎಂದು ಹಿಂದಿನ ರಾತ್ರಿಯೇ ತೀರ್ಮಾನಿಸಿ. ಬೆಳಿಗ್ಗೆ ಎದ್ದು ತೀರ್ಮಾನಿಸಿದರೆ ಎಲ್ಲ ದಿನಗಳೂ ಗಡುವಿನ ದಿನಗಳಂತೆಯೇ ಕಾಣುತ್ತವೆ.

ಈ ಹೊತ್ತನ್ನು ಗಡಿಯಾರಕ್ಕಿಂತ ಒಂದು ಕೆಲಸಕ್ಕೆ ಕಟ್ಟುವುದು ಮೇಲು. ‘ಆರೂವರೆಗೆ’ ಎನ್ನುವ ಬದಲು ‘ಮುಖ ತೊಳೆದ ಕೂಡಲೇ, ಫೋನ್ ಮುಟ್ಟುವ ಮುನ್ನ’ ಎಂದಿಟ್ಟುಕೊಳ್ಳಿ. ಊರು ಬದಲಾದರೂ ಮುಖ ತೊಳೆಯುವುದು ತಪ್ಪುವುದಿಲ್ಲ. ಪ್ರಾರ್ಥನೆಯ ಪಠ್ಯ ಫೋನಿನಲ್ಲೇ ಇದ್ದರೆ ಅದನ್ನು ತೆರೆಯುವಾಗಲೇ ಆಫೀಸಿನ ನಾಲ್ಕು ಮೆಸೇಜು ಕಣ್ಣಿಗೆ ಬೀಳುತ್ತವೆ, ಆಮೇಲೆ ತುಟಿ ಮಂತ್ರ ಹೇಳಿದರೂ ತಲೆ ಬಜೆಟ್ ಲೈನ್ ಹುಡುಕುತ್ತಿರುತ್ತದೆ. ಕೈಬರಹದ ಒಂದು ಚೀಟಿ ಅಥವಾ ಚಿಕ್ಕ ಪುಸ್ತಕವನ್ನು ಫೀಲ್ಡ್ ಬ್ಯಾಗಿನ ಒಂದೇ ಜೇಬಿನಲ್ಲಿ ಖಾಯಂ ಆಗಿ ಇಡಿ.

ಅಭ್ಯಾಸ ನೆಲೆಗೊಳ್ಳಲು 21 ದಿನ ಸಾಕು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. 2009ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಸರಾಸರಿ 66 ದಿನ ಬೇಕಾಯಿತು, ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದು ಅದರಲ್ಲಿ ನಿಮಗೆ ಹೆಚ್ಚು ಉಪಯೋಗದ ಸಂಗತಿ. ತಪ್ಪಿದ ಮರುದಿನ ‘ಬಡ್ಡಿ ಸೇರಿಸಿ’ ನಲವತ್ತು ನಿಮಿಷ ಕೂರಲು ಹೋಗಬೇಡಿ, ಅಂದಿನ ಅಳತೆಯಷ್ಟೇ ಮಾಡಿ.

ಕೆಲವು ಧರ್ಮಗಳಲ್ಲಿ ಅಳತೆಯನ್ನು ಪರಂಪರೆಯೇ ಕೊಟ್ಟಿರುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ದಿನಕ್ಕೆ ಐದು ನಮಾಜ್ ಎಂದರೆ ಐದೇ. ಶುಕ್ರವಾರ ಸೂರ್ಯಾಸ್ತದಿಂದ ಶುರುವಾಗುವ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಸಬ್ಬತ್, ಶನಿವಾರ ಕತ್ತಲಾಗುವವರೆಗೆ ಪೂರ್ತಿ ಇರುತ್ತದೆ. ಅಂಥವರು ಅಳತೆ ಕುಗ್ಗಿಸುವ ಬದಲು ಪರಂಪರೆಯೊಳಗೇ ಇರುವ ಸಡಿಲಿಕೆಗಳನ್ನು ತಿಳಿದವರ ಹತ್ತಿರ ಕೇಳಿಕೊಳ್ಳಬೇಕು. ಉದಾಹರಣೆಗೆ, ಪ್ರಯಾಣದಲ್ಲಿರುವವರು ನಾಲ್ಕು ರಕಾತ್‌ಗಳ (ನಿಂತು, ಬಾಗಿ, ಸಾಷ್ಟಾಂಗ ಮಾಡುವ ಒಂದು ಸುತ್ತಿಗೆ ರಕಾತ್ ಎನ್ನುತ್ತಾರೆ) ನಮಾಜನ್ನು ಎರಡಕ್ಕೆ ಇಳಿಸಬಹುದು. ಎಷ್ಟು ದೂರ ಹೋದರೆ ಪ್ರಯಾಣ ಎನಿಸುತ್ತದೆ ಎಂಬುದು ಪಂಥದಿಂದ ಪಂಥಕ್ಕೆ ಬೇರೆ, ಹಾಗಾಗಿ ಫೀಲ್ಡ್ ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿಟ್ಟುಕೊಳ್ಳಿ. ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುವ ಪ್ರದೇಶಗಳಲ್ಲಿ ಶುಕ್ರವಾರದ ನಾಲ್ಕು ಗಂಟೆಯ ಮೀಟಿಂಗ್ ಸಬ್ಬತ್ತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಈ ತೊಂದರೆ ಇಲ್ಲ, ಆದ್ದರಿಂದಲೇ ಎಲ್ಲರೂ ಮರೆತಿರುತ್ತಾರೆ.

ಹಬ್ಬದ ಪಂಚಾಂಗ, ಗ್ರಾಂಟಿನ ಪಂಚಾಂಗ

ಪ್ರಾಜೆಕ್ಟ್ ವರ್ಷದ ಆರಂಭದಲ್ಲಿ ಒಂದೂವರೆ ಗಂಟೆ ಕೂತು ಮಾಡಬೇಕಾದ ಕೆಲಸ ಇದು. ಒಂದೇ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆಯಿರಿ. ಮೇಲಿನ ಸಾಲಿನಲ್ಲಿ ಪ್ರಪೋಸಲ್ (ಡೋನರ್‌ಗೆ ಹಣ ಕೋರಿ ಸಲ್ಲಿಸುವ ಅರ್ಜಿ) ಗಡುವು, ತ್ರೈಮಾಸಿಕ ರಿಪೋರ್ಟ್, ಆಡಿಟ್, ಡೋನರ್ ಭೇಟಿ. ಕೆಳಗಿನ ಸಾಲಿನಲ್ಲಿ ಹಬ್ಬ, ಉಪವಾಸ, ಶಿಬಿರ, ಯಾತ್ರೆ. ಎರಡು ಸಾಲೂ ಒಂದೇ ವಾರದಲ್ಲಿ ತುಂಬಿರುವ ಕಡೆ ಕೆಂಪು ಗೆರೆ ಎಳೆಯಿರಿ. ವರ್ಷಕ್ಕೆ ಇಂಥ ನಾಲ್ಕೈದು ಕಡೆ ಸಿಗುವುದು ಮಾಮೂಲು.

ಹೋದ ವರ್ಷದ ದಿನಾಂಕಗಳನ್ನು ನಕಲು ಮಾಡಬೇಡಿ. ಇಸ್ಲಾಮಿಕ್ ವರ್ಷಕ್ಕೆ 354 ಅಥವಾ 355 ದಿನ, ಆದ್ದರಿಂದ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಬರುತ್ತದೆ. ಪಾಶ್ಚಾತ್ಯ ಚರ್ಚುಗಳ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಚಾಂದ್ರಮಾನದ ಹಿಂದೂ ಹಬ್ಬಗಳೂ ಹೀಗೇ ಹಿಂದೆ ಸರಿಯುತ್ತಾ ಬಂದು, ಅಧಿಕ ಮಾಸ ಕಳೆದ ಮೇಲೆ ಒಮ್ಮೆಲೇ ಮೂರು ವಾರದ ಹತ್ತಿರ ಮುಂದಕ್ಕೆ ಹಾರುತ್ತವೆ. ಚಂದ್ರದರ್ಶನದ ಮೇಲೆ ನಿಂತ ಹಬ್ಬವಾದರೆ ಒಂದೇ ದಿನಕ್ಕೆ ರಜೆ ಹಾಕದೆ, ‘ಈ ಎರಡರಲ್ಲಿ ಒಂದು ದಿನ’ ಎಂದು ಮೊದಲೇ ಬರೆದುಕೊಡಿ.

ಕೆಂಪು ಗೆರೆ ಬಿದ್ದ ಕಡೆ ಗಡುವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಪ್ರಪೋಸಲ್ ತಡವಾಗುವುದು ಬರವಣಿಗೆಯಿಂದ ಎಂದು ಹೊಸಬರು ಅಂದುಕೊಳ್ಳುತ್ತಾರೆ. ನಿಜವಾಗಿ ತಡವಾಗುವುದು ಬಜೆಟ್ ಒಪ್ಪಿಗೆ, ಪಾಲುದಾರ ಸಂಸ್ಥೆಯ ಸಹಿ ಮತ್ತು ಕೊನೆಯ ಗಳಿಗೆಯಲ್ಲಿ ಕೇಳುವ ನೋಂದಣಿ ಕಾಗದಗಳಿಂದ. ಆದ್ದರಿಂದ ಗಡುವಿಗೆ ಹತ್ತು ದಿನ ಮೊದಲು ಬಜೆಟ್ ಕೈಗೆ ಬರಬೇಕು, ಐದು ದಿನ ಮೊದಲು ಸಹಿಗಳು, ಎರಡು ದಿನ ಮೊದಲು ಅಪ್‌ಲೋಡ್ ಎಂದು ಇಟ್ಟುಕೊಳ್ಳಿ. ಡೋನರ್ ಬೇರೆ ದೇಶದಲ್ಲಿದ್ದರೆ ‘ರಾತ್ರಿ 11:59’ ಯಾರ ಗಡಿಯಾರದ್ದು ಎಂದು ನೋಡಿ. ಆ 11:59 ನಿಮಗೆ ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಾಗಿರಬಹುದು.

ಉಪವಾಸದ ದಿನಗಳಿಗೆ ಬೇರೆ ಹೊಂದಾಣಿಕೆ ಬೇಕು. ಬರವಣಿಗೆ, ಲೆಕ್ಕ, ಕಷ್ಟದ ಮಾತುಕತೆ ಬೆಳಿಗ್ಗೆಗೆ. ಫೈಲಿಂಗ್, ಫೋಟೋ ಜೋಡಿಸುವುದು, ಹಾಜರಾತಿ ನಮೂದು ಮಧ್ಯಾಹ್ನಕ್ಕೆ. ನೀರನ್ನೂ ಬಿಡುವ ಉಪವಾಸದಲ್ಲಿ ಬಿಸಿಲಿನ ಸಮೀಕ್ಷೆ ಬೇಡವೇ ಬೇಡ. ತಲೆಸುತ್ತು ಬಂದು ಬಿದ್ದರೆ ತಂಡದವರು ಕೆಲಸ ಬಿಟ್ಟು ನಿಮ್ಮನ್ನು ನೋಡಿಕೊಳ್ಳಬೇಕಾಗುತ್ತದೆ.

ಮ್ಯಾನೇಜರ್ ಹತ್ತಿರ ಕೇಳುವುದು

ನಂಬಿಕೆಯನ್ನು ವಿವರಿಸಲು ಹೋಗಬೇಡಿ, ಸಮಯ ಕೇಳಿ. ‘ನಮ್ಮಲ್ಲಿ ಇದು ಬಹಳ ಮುಖ್ಯ, ನೀವು ಅರ್ಥ ಮಾಡಿಕೊಳ್ಳಬೇಕು’ ಎಂದು ಶುರು ಮಾಡಿದರೆ ಎದುರಿನವರು ಪಾಪ ಏನು ಉತ್ತರ ಕೊಡಬೇಕೆಂದು ತಿಳಿಯದೆ ಮುದುಡುತ್ತಾರೆ. ಹೀಗೆ ಹೇಳಿ ನೋಡಿ:

‘ಮೇಡಂ, ಪ್ರತಿ ಶುಕ್ರವಾರ ಮಧ್ಯಾಹ್ನ 12:45ರಿಂದ 2ರವರೆಗೆ ಪ್ರಾರ್ಥನೆಗೆ ಹೋಗಬೇಕು. ಊಟದ ಬಿಡುವನ್ನು ಅದರಲ್ಲೇ ಸೇರಿಸಿಕೊಳ್ಳುತ್ತೇನೆ, ಉಳಿದ ಹೊತ್ತನ್ನು ಅಂದೇ ಬೆಳಿಗ್ಗೆ ಬೇಗ ಬಂದು ಸರಿದೂಗಿಸುತ್ತೇನೆ. ಆ ಹೊತ್ತಿನಲ್ಲಿ ಫೀಲ್ಡ್ ಫೋನ್ ನೋಡಿಕೊಳ್ಳಲು ಸಹೋದ್ಯೋಗಿ ಒಪ್ಪಿದ್ದಾರೆ. ಮೂರು ತಿಂಗಳು ಹೀಗೆ ಮಾಡಿ ನೋಡೋಣವೇ?’

ಯಾವ ದಿನ, ಎಷ್ಟು ಹೊತ್ತು, ಬದಲಿ ಯಾರು, ಎಷ್ಟು ಕಾಲದವರೆಗೆ ಎಂಬುದೆಲ್ಲ ಇದರಲ್ಲಿದೆ. ಒಪ್ಪಿದ ಮೇಲೆ ಅದೇ ದಿನ ಎರಡು ಸಾಲಿನ ಇಮೇಲ್ ಕಳಿಸಿಡಿ. ಈ ಕ್ಷೇತ್ರದಲ್ಲಿ ಮ್ಯಾನೇಜರ್‌ಗಳು ಬೇಗ ಬದಲಾಗುತ್ತಾರೆ, ಬಾಯಿಮಾತಿನ ಒಪ್ಪಿಗೆಗಳೂ ಅವರ ಜೊತೆಗೇ ಹೊರಟುಹೋಗುತ್ತವೆ.

ಕೆಡುವುದು ಎಲ್ಲಿ ಎಂದರೆ, ಹಬ್ಬದ ಹಿಂದಿನ ದಿನ ಕೇಳುವುದರಲ್ಲಿ. ಅಥವಾ ಸಂಕೋಚಕ್ಕೆ ಅತಿಯಾಗಿ ಕೊಟ್ಟುಬಿಡುವುದರಲ್ಲಿ: ಒಂದು ಗಂಟೆ ಕೇಳಿ, ‘ಅದರ ಬದಲು ಭಾನುವಾರ ಪೂರ್ತಿ ಬರುತ್ತೇನೆ’ ಎನ್ನುವವರಿದ್ದಾರೆ. ಒಂದು ಗಂಟೆಗೆ ಒಂದೇ ಗಂಟೆ ಕೊಡಿ. ಬೇರೆ ಧರ್ಮದ ಸಹೋದ್ಯೋಗಿಯ ಹಬ್ಬದ ದಿನ ನೀವೇ ಮುಂದೆ ಬಂದು ಅವರ ಪಾಳಿ ತೆಗೆದುಕೊಂಡರೆ ನಿಮ್ಮ ಹಬ್ಬಕ್ಕೆ ಬದಲಿ ಹುಡುಕುವ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಧಾರ್ಮಿಕ ಸಂಸ್ಥೆಯೇ ನಡೆಸುವ ಎನ್‌ಜಿಒಗಳಲ್ಲಿ ಕಷ್ಟ ಬೇರೆ ಥರದ್ದು. ಅಲ್ಲಿ ಬೆಳಿಗ್ಗೆ ಪ್ರಾರ್ಥನೆಯಿಂದಲೇ ಕೆಲಸ ಶುರು, ರಜೆ ಸುಲಭ. ಆದರೆ ಸಂಜೆ ಆರರ ಮೇಲೆ ಉಳಿಯಲಾರೆ ಎಂದರೆ ಅದನ್ನು ಭಕ್ತಿಯ ಕೊರತೆಯೆಂದು ಓದುವ ಅಪಾಯವಿದೆ. ಕಚೇರಿಯ ಪ್ರಾರ್ಥನೆಯನ್ನು ಕೆಲಸದ ಸಮಯವೆಂದೇ ಎಣಿಸಿ, ನಿಮ್ಮ ಸ್ವಂತ ಇಪ್ಪತ್ತು ನಿಮಿಷ ಬೇರೆ ಇರಲಿ. ‘ದೇವರ ಕೆಲಸಕ್ಕೆ ಗಂಟೆ ಲೆಕ್ಕ ಹಾಕುತ್ತೀಯಾ’ ಎಂದು ಯಾರಾದರೂ ಕೇಳಿದರೆ ವಾದ ಬೇಡ. ‘ಈ ವಾರ ಇವು ಮೂರು ಕೆಲಸ ನನ್ನ ಮೇಲಿವೆ, ಯಾವುದನ್ನು ಮುಂದಿನ ವಾರಕ್ಕೆ ಹಾಕಲಿ ಸರ್?’ ಎಂದು ಕೇಳಿ ಪಟ್ಟಿ ಮುಂದಿಡಿ.

ಫೀಲ್ಡ್‌ನಲ್ಲಿ ನಿಮ್ಮ ನಂಬಿಕೆ

ನೆರವನ್ನು ಯಾವುದೇ ಧಾರ್ಮಿಕ ಅಥವಾ ರಾಜಕೀಯ ನಿಲುವನ್ನು ಮುಂದೊಡ್ಡಲು ಬಳಸುವಂತಿಲ್ಲ ಎಂಬುದು ರೆಡ್‌ಕ್ರಾಸ್ ಮತ್ತು ಎನ್‌ಜಿಒಗಳು ವಿಪತ್ತು ಪರಿಹಾರಕ್ಕಾಗಿ 1994ರಲ್ಲಿ ಒಪ್ಪಿದ ಹತ್ತು ಸೂತ್ರಗಳ ನೀತಿಸಂಹಿತೆಯ ಮೂರನೇ ಸೂತ್ರ. ನೀವು ಪ್ರಾರ್ಥಿಸುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಜಾಗ ಮತ್ತು ಹೊತ್ತು ನೋಡಿಕೊಳ್ಳಬೇಕು ಅಷ್ಟೇ. ಸಾಮಗ್ರಿಗೆ ಸಾಲು ನಿಂತವರ ಎದುರು ಪ್ರಾರ್ಥನೆಗೆ ಕೂತರೆ, ಕೈಮುಗಿಯದಿದ್ದರೆ ತಮಗೆ ಸಿಗುವುದಿಲ್ಲವೇನೋ ಎಂದು ಯಾರಿಗಾದರೂ ಅನ್ನಿಸಬಹುದು. ವಾಹನದೊಳಗೆ, ಉಳಿದುಕೊಂಡ ಕೋಣೆಯಲ್ಲಿ, ಹಂಚಿಕೆ ಮುಗಿದ ಮೇಲೆ ಮಾಡಿ. ‘ನೀವು ಯಾವ ಧರ್ಮದವರು’ ಎಂದು ಕೇಳಿದರೆ ಒಂದೇ ಮಾತಿನ ನೇರ ಉತ್ತರ ಕೊಟ್ಟು ಕೆಲಸಕ್ಕೆ ಮರಳಿ.

ವಾರದ ಬಿಡುವು ಮತ್ತು ಅದನ್ನು ಕದಿಯುವವರು

ವಾರಕ್ಕೆ ಒಂದು ದಿನ ಸಿಗದಿದ್ದರೆ ಅರ್ಧ ದಿನವಾದರೂ ಕೆಲಸದಿಂದ ಪೂರ್ತಿ ಬಿಡುಗಡೆ ಬೇಕು. ಅದು ಹಿಂದಿನ ಸಂಜೆಯೇ ಶುರುವಾಗಬೇಕು. ಬಿಡುವಿಗೆ ಒಂದು ಗಂಟೆ ಮೊದಲು ಮೂರು ಕೆಲಸ ಮಾಡಿ: ಸೋಮವಾರದ ಮೊದಲ ಕೆಲಸವನ್ನು ಒಂದು ಸಾಲಿನಲ್ಲಿ ಬರೆದಿಡಿ, ಅರ್ಧಕ್ಕೆ ನಿಂತ ವಿಷಯಗಳಿಗೆ ‘ಸೋಮವಾರ ಉತ್ತರಿಸುತ್ತೇನೆ’ ಎಂದು ಕಳಿಸಿ, ಕೆಲಸದ ಗ್ರೂಪ್‌ಗಳನ್ನು ಮ್ಯೂಟ್ ಮಾಡಿ. ಮೊದಲನೆಯದನ್ನು ಮಾಡದೆ ಬಿಟ್ಟರೆ ಪ್ರವಚನದ ನಡುವೆ ತಲೆ ಅದೇ ವಿಷಯವನ್ನು ಮೆಲುಕು ಹಾಕುತ್ತಿರುತ್ತದೆ.

ತುರ್ತು ಬಂದರೆ? ಯಾರಿಗಾದರೂ ಪ್ರಾಣಾಪಾಯ ಅಥವಾ ಗಾಯದ ಭಯವಿದೆಯೇ, ಇಪ್ಪತ್ನಾಲ್ಕು ಗಂಟೆ ಕಾದರೆ ಸರಿಪಡಿಸಲಾಗದ ಹಾನಿಯೇ, ನಾನಲ್ಲದೆ ಬೇರೆ ಯಾರೂ ಮಾಡಲಾರರೇ? ಮೊದಲ ಎರಡರಲ್ಲಿ ಒಂದಕ್ಕಾದರೂ ‘ಹೌದು’ ಬಂದು, ಮೂರನೆಯದಕ್ಕೂ ‘ಹೌದು’ ಇದ್ದರೆ ಎದ್ದು ಹೋಗಿ. ನಿರ್ದೇಶಕರಿಗೆ ಫೋಟೋ ಬೇಕಂತೆ ಎಂಬುದು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಮೂರನೆಯದಕ್ಕೆ ಪದೇ ಪದೇ ‘ಹೌದು’ ಬರುತ್ತಿದ್ದರೆ ತಂಡಕ್ಕೆ ಪಾಳಿಪಟ್ಟಿ ಇಲ್ಲವೆಂದರ್ಥ. ನಾಲ್ಕು ಜನರಿದ್ದರೆ ತಿಂಗಳಿಗೆ ಒಂದು ವಾರಾಂತ್ಯ ಒಬ್ಬರಂತೆ ಫೋನ್ ಹಿಡಿಯುವ ಪಟ್ಟಿಯನ್ನು ನೀವೇ ಬರೆದು ಮುಂದಿಡಿ.

ಬಿಡುವನ್ನು ಕದಿಯುವ ಇನ್ನೊಂದು ಕಳ್ಳನಿದ್ದಾನೆ, ಅವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ: ನಿಮ್ಮ ಸ್ವಂತ ದೇವಸ್ಥಾನ, ಮಸೀದಿ, ಚರ್ಚು, ಬಸದಿ, ವಿಹಾರ. ‘ನೀನು ಎನ್‌ಜಿಒದಲ್ಲಿದ್ದೀಯಲ್ಲ, ಅರ್ಜಿ ಬರೆಯೋದು ನಿನಗೆ ಗೊತ್ತು’ ಎಂದು ಹಿರಿಯರು ಪ್ರೀತಿಯಿಂದಲೇ ಕರೆಯುತ್ತಾರೆ. ಮೊದಲು ದೇಣಿಗೆಯ ಪತ್ರ, ಆಮೇಲೆ ಯುವಕ ಸಂಘದ ಕಾರ್ಯದರ್ಶಿತನ, ಕೊನೆಗೆ ಕಟ್ಟಡದ ಸಮಿತಿ. ವಾರವೆಲ್ಲ ಮಾಡಿದ್ದನ್ನೇ ರಜೆಯ ದಿನ ಬಿಟ್ಟಿಯಾಗಿ ಮಾಡುತ್ತೀರಿ, ಪ್ರಾರ್ಥನೆಗೆ ಹೋದ ಜಾಗದಲ್ಲಿ ನಿಮಗೆ ಕಾಣುವುದು ಬರೀ ಬಾಕಿ ಕೆಲಸ. ಇದಕ್ಕೆ ಮೂರು ಕಟ್ಟು ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದೇ ಜವಾಬ್ದಾರಿ. ಅದಕ್ಕೆ ಆರು ತಿಂಗಳ ಕೊನೆ. ಕಚೇರಿಯಲ್ಲಿ ಮಾಡುವ ಕೆಲಸವನ್ನೇ ಅಲ್ಲಿಯೂ ಮಾಡಬಾರದು: ಅರ್ಜಿ ಬರೆಯುವವರು ಅಲ್ಲಿ ಪಾತ್ರೆ ತೊಳೆಯಲಿ, ಚಾಪೆ ಹಾಸಲಿ, ಹಾಡಲಿ. ‘ಈಗಿರುವ ಜವಾಬ್ದಾರಿ ಮುಗಿಯುವವರೆಗೆ ಇನ್ನೊಂದು ಹಿಡಿಯಲಾರೆ ಅಣ್ಣಾ, ಆದರೆ ಬರೆಯುವುದು ಹೇಗೆಂದು ಒಂದು ದಿನ ಇಬ್ಬರಿಗೆ ಕಲಿಸಿಕೊಡುತ್ತೇನೆ’ ಎಂದರೆ ಸಂಬಂಧವೂ ಉಳಿಯುತ್ತದೆ.

ದಾನದ ಲೆಕ್ಕಕ್ಕೂ ಕೆಲಸದ ಲೆಕ್ಕ ಬೆರೆಯುತ್ತದೆ. ಸಂಬಳ ಕಡಿಮೆ, ಹೆಚ್ಚುವರಿ ದುಡಿಮೆಗೆ ಹಣವಿಲ್ಲ, ಹಾಗಾಗಿ ಅದೇ ನನ್ನ ದಾನ ಎಂದುಕೊಂಡರೆ ಅತಿದುಡಿಮೆಗೆ ಧರ್ಮದ ಮೊಹರು ಬೀಳುತ್ತದೆ. ನಿಮ್ಮ ಶಕ್ತಿಯಷ್ಟು, ಚಿಕ್ಕದೇ ಆಗಲಿ, ಬೇರೆಯೇ ಕೊಡಿ.

ಬತ್ತಿದ್ದು ಭಕ್ತಿಯೋ, ಮೈಯೋ

ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದಿದ್ದರೆ ನಂಬಿಕೆಯೇ ಕುಂದಿತೆಂದು ಹೆದರುವವರು ಬಹಳ. ಎಷ್ಟೋ ಸಲ ಅದು ಬರೀ ದಣಿವು. ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯಾಗಿ ಪಟ್ಟಿ ಮಾಡಿ ಮೂರು ಲಕ್ಷಣ ಹೇಳುತ್ತದೆ: ಶಕ್ತಿಯೆಲ್ಲ ಬಸಿದುಹೋದ ಭಾವ, ಕೆಲಸದ ಬಗ್ಗೆ ದೂರ ಅಥವಾ ಸಿನಿಕತನ, ಕೆಲಸ ಕೈಗೂಡುತ್ತಿಲ್ಲ ಎಂಬ ಅನಿಸಿಕೆ. ಫಲಾನುಭವಿಗಳ ಬಗ್ಗೆ ನೀವು ಆಡುವ ತಮಾಷೆಗಳು ಕಹಿಯಾಗುತ್ತಿದ್ದರೆ ಎರಡನೆಯದು ಶುರುವಾಗಿದೆ. ನಾಲ್ಕೈದು ದಿನ ಸರಿಯಾಗಿ ನಿದ್ದೆ ಮಾಡಿ ಮತ್ತೆ ಪ್ರಾರ್ಥನೆಗೆ ಕೂತು ನೋಡಿ. ನಿದ್ದೆಯ ನಂತರ ರುಚಿ ಮರಳಿದರೆ ಕೊರತೆ ಮೈಯದು. ಆಗ ಬೇಕಾದದ್ದು ರಜೆ, ಹೆಚ್ಚುವರಿ ಉಪವಾಸವಲ್ಲ. ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಹಸಿವು ಕೆಟ್ಟಿದೆ ಎಂದಾದರೆ ವೈದ್ಯರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಗುರುಗಳು, ಪಾದ್ರಿಗಳು, ಮೌಲ್ವಿಗಳು ಜೊತೆಗಿರಲಿ, ಅವರ ಆಶೀರ್ವಾದ ಚಿಕಿತ್ಸೆಗೆ ಬದಲಿಯಾಗದು.

ಮನಸ್ಸು ಬಿಚ್ಚಿ ಮಾತನಾಡಲು ಒಬ್ಬ ಹಿರಿಯರನ್ನು ಗೊತ್ತುಮಾಡಿಕೊಳ್ಳಿ. ಅವರು ನಿಮ್ಮ ಸಂಸ್ಥೆಯವರಾಗಿರಬಾರದು, ಧಾರ್ಮಿಕ ಎನ್‌ಜಿಒದಲ್ಲಿದ್ದರಂತೂ ಖಂಡಿತ ಬೇಡ. ಸಂಬಳ ಕೊಡುವವರೇ ಆತ್ಮದ ಮಾತನ್ನೂ ಕೇಳುವವರಾದರೆ ಪೂರ್ತಿ ನಿಜ ಹೇಳುವುದು ಯಾರಿಗೂ ಕಷ್ಟ.

ತಿಂಗಳ ಕೊನೆಗೆ ಅರ್ಧ ಗಂಟೆ ಕೂತು ಎರಡನ್ನು ಎಣಿಸಿ: ಎಷ್ಟು ದಿನ ಎರಡು ನಿಮಿಷದ ಅಳತೆಗೆ ಇಳಿದಿರಿ, ಎಷ್ಟು ಬಿಡುವಿನ ದಿನ ಮುರಿದವು. ಗಡುವಿನ ದಿನಗಳು ತಿಂಗಳಿಗೆ ಐದಾರು ಇದ್ದರೆ ಸಹಜ. ಹನ್ನೆರಡು ದಾಟಿ, ಅದೂ ಸತತ ಎರಡು ತಿಂಗಳು ಹಾಗೇ ಆದರೆ, ಇನ್ನೂ ಬೇಗ ಏಳುವ ಸಂಕಲ್ಪ ಮಾಡಬೇಡಿ. ಮೊದಲ ವಾರ ಬರೆದಿಟ್ಟ ಲೆಕ್ಕ ತೆಗೆದು, ಬೇರೆಯವರ ತಡದಿಂದ ನಿಮಗೆ ಬಂದ ಕೆಲಸಗಳಿಗೆ ಹಾಕಿದ ಗುರುತುಗಳನ್ನು ಒಟ್ಟು ಮಾಡಿ, ಆ ಹಾಳೆಯನ್ನೇ ಹಿಡಿದು ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿ.